ಮೆತ್ತನೆ ಬೂಟು, ಹರಿತವಾದ ಅಂಚು

ಅವರ ಪಾದಗಳು ಹಿಮ್ಮಡಿಯಲ್ಲಿ ಸಣ್ಣಗೆ ಶುರುವಾಗಿ ಬೆರಳುಗಳ ಹತ್ತಿರ ಬರುವಾಗ ಬೀಸಣಿಗೆಯ ಹಾಗೆ ಅಗಲವಾಗುತ್ತಿದ್ದವು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಒಂದು ಪೆನ್ಸಿಲ್ ಆರಾಮವಾಗಿ ನಿಲ್ಲುತ್ತಿತ್ತು. ಉತ್ಪ್ರೇಕ್ಷೆ ಅಲ್ಲ, ನನ್ನದೇ ಪೆನ್ಸಿಲ್ ಎತ್ತಿ ಸಿಕ್ಕಿಸಿ ತೋರಿಸಿದ್ದರು. ಆಮೇಲೆ ಆ ಪೆನ್ಸಿಲನ್ನು ನಾನು ಮುಟ್ಟಲಿಲ್ಲ.

ಮಸ್ಕತ್ತಿನ ಹೊರವಲಯದ ರುಸೈಲ್‌ನ ಒಂದು ಪ್ಲಾಸ್ಟಿಕ್ ಫ್ಯಾಕ್ಟರಿಯಲ್ಲಿ ನಾನು ಪರ್ಚೇಸ್ ಅಸಿಸ್ಟೆಂಟ್, ಅವರು ಟೂಲ್ ರೂಮಿನ ಯಜಮಾನರು. ಬಕೆಟ್ಟು, ಮುಚ್ಚಳ, ಪೈಪಿನ ಜಾಯಿಂಟು ಇಂಥದ್ದಕ್ಕೆಲ್ಲ ಬೇಕಾದ ಉಕ್ಕಿನ ಅಚ್ಚುಗಳು ತಯಾರಾಗುವ, ರಿಪೇರಿಯಾಗುವ ಜಾಗ ಅದು. ಗದಗಿನ ಕಡೆಯವರು. ಫ್ಯಾಕ್ಟರಿಯಲ್ಲಿದ್ದ ಕನ್ನಡದವರೆಲ್ಲ ಅವರನ್ನು ಕಾಕಾ ಎಂದು ಕರೆಯುತ್ತಿದ್ದರು. ಕಾರ್ಕಳದಿಂದ ಹೋದ, ಮನೆಯಲ್ಲಿ ತುಳು ಮಾತಾಡುವ ನನಗೂ ಅವರು ಕಾಕಾ ಆದರು. ನನ್ನೆದುರಿನ ಕುರ್ಚಿಯಲ್ಲಿ ಕೂತ ಒಂದೇ ನಿಮಿಷಕ್ಕೆ ಸೇಫ್ಟಿ ಶೂ ಕಳಚಿಬಿಡುತ್ತಿದ್ದರು.

"ಬೂಟ್ ಹಾಕ್ಕೊಂಡ್ರ ತಲಿ ಓಡೂದಿಲ್ಲ ತಂಗೀ ನನಗ."

ಎರಡನೇ ನಿಮಿಷಕ್ಕೆ ಎದ್ದು ನಿಲ್ಲುತ್ತಿದ್ದರು. ಊಟ ನಿಂತುಕೊಂಡೇ. ಚಹಾ ನಡೆಯುತ್ತಾ. ಫೋನಿನಲ್ಲಿ ಮಾತಾಡುವಾಗ ಇನ್ನೊಂದು ಕೈ ನನ್ನ ಸ್ಟೇಪ್ಲರನ್ನು ಬಿಚ್ಚಿ, ಸ್ಪ್ರಿಂಗ್ ಎಳೆದು, ಮತ್ತೆ ಜೋಡಿಸುತ್ತಿತ್ತು. ಹೆಂಡತಿ ಗದಗಿನಲ್ಲಿ. ಇಪ್ಪತ್ತು ವರ್ಷದಿಂದ ಇವರು ಒಮಾನಿನಲ್ಲಿ ಒಂದೇ ಕೋಣೆಯಲ್ಲಿದ್ದು, ಆ ಕೋಣೆಯ ಪೀಠೋಪಕರಣಗಳನ್ನು ತಿಂಗಳಿಗೊಮ್ಮೆ ಜಾಗ ಬದಲಿಸುತ್ತಿದ್ದರಂತೆ. ನಾನೂ ಹಾಗೇ ಇದ್ದೆ, ಸುಳ್ಳು ಯಾಕೆ ಹೇಳಲಿ. ಮದುವೆಯಾಗಿ ಅಲ್ ಗುಬ್ರಾದ ಫ್ಲ್ಯಾಟಿಗೆ ಬಂದ ಮೂರು ವರ್ಷದಲ್ಲಿ ಅರಬ್ಬಿ ಕ್ಲಾಸು, ಹೊಲಿಗೆ, ಕೇಕು, ಕೀಬೋರ್ಡು ಎಲ್ಲ ಹಿಡಿದು ಬಿಟ್ಟಿದ್ದೆ. ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲ್. ಕೂತಲ್ಲಿ ಕೂರಲಾಗದ ಇಬ್ಬರು ಒಂದೇ ಆಫೀಸಿನಲ್ಲಿದ್ದರೆ ಏನಾದರೊಂದು ಆಗಿಯೇ ಆಗುತ್ತದೆ.

ಆದದ್ದು ಸ್ನೋಬೋರ್ಡು.

ಹೊಸ ಮೆಷಿನ್ ಕೂರಿಸಲು ಬಂದ ಸ್ವಿಸ್ ಇಂಜಿನಿಯರ್ ಒಬ್ಬ ನಾಲ್ಕು ತಿಂಗಳು ನಮ್ಮಲ್ಲಿದ್ದ. ಮರಳಿನ ಮೇಲೆ ಜಾರೋಣ ಎಂದು ತನ್ನ ಹಿಮದ ಹಲಗೆಯನ್ನು ಹೊತ್ತು ತಂದಿದ್ದ. ಬೌಶರ್‌ನ ಮರಳು ದಿಬ್ಬದಲ್ಲಿ ಎರಡು ಸಲ ಜಾರಿ, ಸೆಕೆಗೆ ಸೋತು, ಊರಿಗೆ ಹೋಗುವ ಮುಂಚೆ ಅದನ್ನು ಟೂಲ್ ರೂಮಿನ ಗೋಡೆಗೆ ಒರಗಿಸಿಟ್ಟ. ಕಾಕಾ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು. ಹಲಗೆ ನಡುವಿನಲ್ಲಿ ಸಣ್ಣಗಿದೆ, ಎರಡೂ ತುದಿಯಲ್ಲಿ ಅಗಲ. ಅಂಚಿನುದ್ದಕ್ಕೂ ಉಕ್ಕಿನ ಪಟ್ಟಿ.

"ಇದಕ್ಯಾಕ ಸೊಂಟ ಐತಿ? ಈ ಉಕ್ಕು ಯಾಕ?"

ಇಂಜಿನಿಯರ್ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೋ ಹಾಕಿದ. ನಾನೂ ನೋಡಿದೆ. ಒಬ್ಬ ಮನುಷ್ಯ ಹಿಮದ ಇಳಿಜಾರಿನಲ್ಲಿ ಹಲಗೆಯನ್ನು ಅಡ್ಡಕ್ಕೆ ಎಬ್ಬಿಸಿ, ಹೆಚ್ಚುಕಡಿಮೆ ನೆಲಕ್ಕೆ ಮಲಗಿಕೊಂಡೇ ತಿರುಗುತ್ತಿದ್ದ. ಅವನ ಹಿಂದೆ ಉಳಿಯುತ್ತಿದ್ದದ್ದು ಒಂದು ತೆಳ್ಳಗಿನ ಗೆರೆ, ಅಷ್ಟೇ. ಉಳಿದವರೆಲ್ಲ ಹಲಗೆಯನ್ನು ಅಡ್ಡ ಎಳೆದು ಹಿಮವನ್ನು ಕೆರೆದುಕೊಂಡು ಇಳಿಯುತ್ತಾರೆ, ಇವನು ಅಂಚಿನಿಂದ ಕೊರೆದುಕೊಂಡು ಹೋಗುತ್ತಾನೆ, ಇದಕ್ಕೆ ಕಾರ್ವಿಂಗ್ ಎನ್ನುತ್ತಾರೆ ಎಂದ. ಸೊಂಟದ ಆ ಕಮಾನೇ ಹಲಗೆಯನ್ನು ತಿರುಗಿಸುತ್ತದೆ, ಮನುಷ್ಯ ಒರಗಿ ಸುಮ್ಮನಿದ್ದರೆ ಸಾಕು.

ಕಾಕಾ ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿಸಿದರು. ನಲವತ್ತು ವರ್ಷ ಉಕ್ಕು ಕೊರೆದ ಮನುಷ್ಯ. ಕೊನೆಗೆ ನನ್ನ ಕಡೆ ತಿರುಗಿ ಹೇಳಿದರು: "ಅವರದು ಕಸಾ ಹೊಡಿಯೂದು. ಇಂವಂದು ಗೆರಿ ಎಳಿಯೂದು."

ಇಂಜಿನಿಯರ್ ಹೋಗುವಾಗ ಒಂದು ಮಾತು ಬಿಟ್ಟುಹೋದ. ಹಾಗೆ ಕೊರೆಯುವವರು ಗಟ್ಟಿ ಪ್ಲಾಸ್ಟಿಕ್ಕಿನ ಬೂಟು ಹಾಕುತ್ತಾರೆ. ನನ್ನದು ಮೆತ್ತನೆ ಬೂಟು, ಕಣಕಾಲು ಬಾಗಿಬಿಡುತ್ತದೆ, ಇದರಲ್ಲಿ ಅದು ಆಗುವುದಿಲ್ಲ ಎಂದ.

ಆಗುವುದಿಲ್ಲ ಎನ್ನಬಾರದಿತ್ತು.

"ಆಗೂದಿಲ್ಲಂತ!" ಅಂದರು ಕಾಕಾ, ಅವನ ಕಾರು ಗೇಟು ದಾಟುವ ಮೊದಲೇ. "ಮೆತ್ತಗಿದ್ರ ಬಿಗೀ ಮಾಡೂಣು. ಅದರಾಗೇನೈತಿ?"

"ನಮಗೆ ಹಿಮ ಎಲ್ಲುಂಟು ಕಾಕಾ?"

"ದುಬೈದಾಗ ಮಾಲಿನೊಳಗ ಹಿಮದ ಗುಡ್ಡ ಮಾಡ್ಯಾರಂತಲ್ಲ. ಅಲ್ಲಿತನಕಾ ಉಸುಕು ಐತೆಲ್ಲ, ಹೊಟ್ಟೀ ತುಂಬ."

ಇಂಜಿನಿಯರ್ ಬಿಟ್ಟುಹೋದ ಬೂಟು ಕಾಕಾಗೆ ಉದ್ದವಾಗಿತ್ತು. ಟೂಲ್ ರೂಮಿನಲ್ಲಿ ಗಾಜಿನಷ್ಟು ಸಮತಟ್ಟಾದ ಕಲ್ಲಿನ ಮೇಜೊಂದಿದೆ, ಅಳತೆ ನೋಡುವುದಕ್ಕೆ. ಅದರ ಮೇಲೆ ಹಲಗೆ ಇಟ್ಟು, ಬೂಟು ಕಟ್ಟಿ, ನಿಧಾನಕ್ಕೆ ಅಂಚಿನ ಮೇಲೆ ಎಬ್ಬಿಸಿ ನನಗೆ ತೋರಿಸಿದರು. ಅರ್ಧ ಎಬ್ಬಿಸುವಷ್ಟರಲ್ಲಿ ಬೂಟಿನ ಮೂತಿ ಮೇಜಿಗೆ ತಾಗಿತು, ಅಂಚು ಗಾಳಿಯಲ್ಲಿ ನಿಂತಿತು. "ನೋಡು. ಮೂಗು ನೆಲಕ್ಕ ಬಡದ ಮ್ಯಾಲೆ ಅಂಚಿಗೆ ಏನ ಕೆಲಸ?"

ಹಾಗಾಗಿ ಗಿಡ್ಡ ಬೂಟು ಬೇಕಾಯಿತು. ಮಸ್ಕತ್ತಿನಲ್ಲಿ ಹಿಮದ ಬೂಟು ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳಿ! ವಾದಿ ಕಬೀರ್‌ನ ಶುಕ್ರವಾರದ ಸಂತೆಗೆ ಹೋದೆವು, ದೇಶ ಬಿಟ್ಟು ಹೋಗುವವರ ಸಾಮಾನೆಲ್ಲ ಬಂದು ಬೀಳುವ ಜಾಗಕ್ಕೆ. ನಾಲ್ಕು ಶುಕ್ರವಾರ ಬರಿಗೈ. ಐದನೆಯದಕ್ಕೆ ಮಗುವಿನ ತಳ್ಳುಗಾಡಿ, ಮೀನಿನ ತೊಟ್ಟಿಗಳ ನಡುವೆ ಎರಡು ಜೊತೆ ಕಂಡವು. ಒಂದು ಕೆಂಪು, ಚಂದದ್ದು, ಒಳಗೆ ದಿಂಬಿನ ಹಾಗೆ. ಇನ್ನೊಂದೂ ಮೆತ್ತನೆ ಜಾತಿಯದೇ, ಆದರೆ ಬೂದಿ ಬಣ್ಣದ್ದು, ಗೀಚು ಬಿದ್ದದ್ದು, ಕೈಗೆ ಮರದ ಹಾಗೆ.

"ಕೆಂಪಿದು ತೆಗೊಳ್ಳಿ ಕಾಕಾ, ಎಷ್ಟು ಲಾಯ್ಕುಂಟು ನೋಡಿ. ಕಾಲಿಗೆ ಹಿತ."

ಕಾಕಾ ಎರಡನ್ನೂ ನೆಲಕ್ಕಿಟ್ಟು, ಕುತ್ತಿಗೆ ಹಿಡಿದು ಮುಂದಕ್ಕೆ ಬಗ್ಗಿಸಿದರು. ಕೆಂಪು ಬೂಟು ಕಣಕಾಲಿನ ಹತ್ತಿರ ಮಡಚಿ ಕೂತಿತು. ಬೂದಿ ಬೂಟು ಅವರ ಅಂಗೈಯನ್ನು ವಾಪಸು ತಳ್ಳಿತು.

"ಹಿತಾ ಅನಸೂ ಬೂಟು ಅಂಗಡ್ಯಾಗಷ್ಟ ಹಿತ. ನೀ ಬೂಟಿಗೆ ಹೇಳಬೇಕು, ಬೂಟು ಹಲಗಿಗೆ ಹೇಳಬೇಕು. ಈ ಕೆಂಪಾಕಿಗೆ ಹೇಳಿದ ಮಾತು ನಡುವ ಮರತ ಹೋಕ್ಕೈತಿ."

ಬೂದಿ ಬೂಟು ಉದ್ದಕ್ಕೆ ಸರಿಯಿತ್ತು, ಆದರೆ ಆ ಬೀಸಣಿಗೆ ಪಾದ ಒಳಗೆ ಹೋಗಬೇಕಲ್ಲ? ಅದಕ್ಕೆ ಅವರು ಕಂಡುಕೊಂಡ ಉಪಾಯ ನನ್ನ ಅಡುಗೆಮನೆಯಲ್ಲಿ ನಡೆಯಿತು. ಗದಗಿನಿಂದ ಬಂದ ಬಿಳಿ ಜೋಳವನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಕಾಲುಚೀಲಕ್ಕೆ ತುಂಬಿ, ಬೂಟಿನ ಒಳಗಿನ ಮೆತ್ತೆಗೆ ತುರುಕಿದರು. ಮೆತ್ತೆ ಬಿಸಿಯಾಗಿ ಮೆದುವಾದ ಕೂಡಲೇ ಜೋಳ ತೆಗೆದು, ಬೆರಳಿನ ನಡುವೆ ಬಾಟಲಿ ಬಿರಡೆಯ ತುಂಡು ಸಿಕ್ಕಿಸಿಕೊಂಡು, ಅದರಲ್ಲಿ ಕಾಲಿಟ್ಟು ನಿಂತರು. ನಿಂತರು ಎಂದರೆ, ಹತ್ತು ನಿಮಿಷ ಅಲ್ಲಾಡದೆ! ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ಬ್ಯಾಂಕಿನಿಂದ ಬಂದ ನನ್ನ ಗಂಡ ಬಾಗಿಲಲ್ಲೇ ಮೂಗು ಅರಳಿಸಿದರು.

"ಇದೆಂತ, ಬೂಟಿನ ಉಪ್ಕರಿ, ಪಲ್ಯ ಮಾಡಿದ್ದಾ?"

"ರಾಯರ, ಅಕ್ಕಿ ಲಗೂನ ತಣ್ಣಗಾಕ್ಕೈತ್ರಿ. ಜೋಳ ಬಿಸಿ ಹಿಡಕೊಂಡ ಕುಂದರ್ತೈತಿ," ಎಂದರು ಕಾಕಾ, ಗೋಡೆ ಹಿಡಿದು ನಿಂತವರು ಹಾಗೇ.

ಆಮೇಲೆ ತಿಂಗಳುಗಟ್ಟಲೆ ಕೆಲಸ. ಬೂಟಿನ ಮೂತಿಯ ರಬ್ಬರನ್ನು ಓರೆಯಾಗಿ ಕತ್ತರಿಸಿದರು. ಕಾಲು ಕಟ್ಟುವ ಪಟ್ಟಿಗಳ ಕೆಳಗೆ ನೈಲಾನಿನ ದಪ್ಪ ತಟ್ಟೆ ಕೂರಿಸಿ ಬೂಟನ್ನು ಒಂದು ಬೆರಳಿನಷ್ಟು ಎತ್ತರಿಸಿದರು. ಪಾದ ಅಡ್ಡಕ್ಕೆ ನಿಲ್ಲುವ ಬದಲು ಮುಂದಕ್ಕೆ ಓರೆಯಾಗಿ ನಿಲ್ಲುವಂತೆ ತಿರುಗಿಸಿದರು. ಹಿಂದಿನ ಕಾಲಿನಡಿಗೆ ಬೆಣೆ. ರಿಜೆಕ್ಟ್ ಆದ ಪೈಪನ್ನು ಸೀಳಿ, ಬಿಸಿಗಾಳಿಯಲ್ಲಿ ಬಾಗಿಸಿ, ಬೂಟಿನ ನಾಲಗೆಯೊಳಗೆ ಹೊಲಿದರು. ಕಣಕಾಲಿನ ಮೇಲೆ ಇನ್ನೊಂದು ಪಟ್ಟಿ ಬೇಕು ಅನ್ನಿಸಿತು. ಗುಜರಿ ಸೇರಿದ ಲ್ಯಾಂಡ್‌ಕ್ರೂಸರಿನ ಸೀಟ್ ಬೆಲ್ಟ್ ಬಂತು. ನೈಲಾನ್ ತಟ್ಟೆ ತರಿಸಿದವಳು ನಾನೇ. ಇಪ್ಪತ್ತು ಮಿಲಿಮೀಟರ್ ಎಂದು ಬಿಲ್ಲಿನಲ್ಲಿತ್ತು, ನಾನೂ ಇಪ್ಪತ್ತು ಎಂದೆ. ಅವರು ಅಳೆದು ನೋಡಿ ತಟ್ಟೆಯನ್ನು ನನ್ನ ಮೇಜಿನ ಮೇಲಿಟ್ಟರು.

"ಹತ್ತೊಂಬತ್ತೂವರಿ. ನಡೀತೈತಿ, ಅದಕ್ಕೇನ ತ್ರಾಸಿಲ್ಲ. ಆದ್ರ ಹತ್ತೊಂಬತ್ತೂವರಿ ಇದ್ರ ಹತ್ತೊಂಬತ್ತೂವರಿ ಅನ್ನು. ಇಪ್ಪತ್ತು ಅಂತಂದ್ರ ನಾ ಮುಂದಿಂದೆಲ್ಲಾ ತಪ್ಪ ಮಾಡ್ತೀನಿ."

ಪ್ರತಿ ಶುಕ್ರವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಬೌಶರ್ ದಿಬ್ಬ. ಹಲಗೆ ನಮ್ಮ ಫ್ಲ್ಯಾಟಿನಲ್ಲೇ ಇರುತ್ತಿತ್ತು, ಕಾರಿದ್ದದ್ದು ನಮ್ಮ ಹತ್ತಿರ ತಾನೇ? ಗಂಡ ಕೆಳಗೆ ಕಾರಿನಲ್ಲಿ ಪೇಪರ್ ಓದುತ್ತಾ, ಕಾಕಾ ಮತ್ತು ನಾನು ಸರದಿಯಲ್ಲಿ ಹಲಗೆ ಹೊತ್ತು ಮರಳು ಹತ್ತುತ್ತಾ. ಇಪ್ಪತ್ತು ನಿಮಿಷ ಹತ್ತಿದರೆ ಇಳಿಯುವುದು ಎಂಟು ಸೆಕೆಂಡು. ಮೂರು ಜೊತೆ ಕಾಲುಚೀಲ ಹಾಕಿ ಕಾಕಾನ ಬೂಟಿನಲ್ಲಿ ನಾನೂ ಇಳಿಯುತ್ತಿದ್ದೆ. ಹಿಡಿದು ಬಿಡದ ಒಂದೇ ಒಂದು ಹುಚ್ಚು ಅದು. ಕಾಕಾ ಪ್ರತಿ ಸಲ ಇಳಿದ ಬಳಿಕ ತಿರುಗಿ ನಿಂತು ತಮ್ಮ ಗುರುತು ನೋಡುತ್ತಿದ್ದರು. ಮರಳಿನಲ್ಲಿ ಗೆರೆ ನಿಲ್ಲುತ್ತದೆಯೇ? ಅದು ಕುಸಿದು ಚರಂಡಿಯಾಗುತ್ತಿತ್ತು. ಜೇಬಿನಿಂದ ಸ್ಪ್ಯಾನರ್ ತೆಗೆದು ಅಲ್ಲೇ ಕೂತು ಒಂದು ಕೋನ ಬದಲಿಸುವರು. ಮತ್ತೆ ಹತ್ತುವರು.

"ದುಬೈಗೆ ಯಾವಾಗ ಹೋಗುವುದು ಕಾಕಾ?"

"ಇನ್ನೊಂದೀಟ ಐತಿ. ಬೆಣಿ ಒಂದ ಡಿಗ್ರಿ ಹೆಚ್ಚಾಗೇತಿ ಅನಸ್ತೈತಿ."

ಹೀಗೆ ಎರಡು ವರ್ಷ. ಆಮೇಲೆ ಎಚ್.ಆರ್.ನವರ ಪತ್ರ ಬಂತು. ಕಾಕಾಗೆ ಅರವತ್ತು ತುಂಬುತ್ತದೆ, ವೀಸಾ ಮುಂದುವರಿಸುವುದಿಲ್ಲ. ಆ ಪತ್ರ ಹಿಡಿದು ಬಂದವರು ಅವತ್ತು ಶೂ ಕಳಚಲಿಲ್ಲ.

"ಗದಗಿನ್ಯಾಗ ಹಿಮಾ ಎಲ್ಲಿಂದ ತರ್ಲಿ ತಂಗೀ? ದುಬೈಗೆ ಹೊಂಡೂದ ಈಗ. ಒಮ್ಮೆರ ಗೆರಿ ಎಳದು ಹೋಗ್ತೀನಿ."

ವಿಮಾನ ಮಂಗಳವಾರ. ಅದಕ್ಕೂ ಮೊದಲಿನ ಶುಕ್ರವಾರ ದುಬೈ ಎಂದು ನಿಗದಿಯಾಯಿತು. ಮತ್ತೊಂದು ಅವಕಾಶ ಇರಲಿಲ್ಲ, ಇದು ಮೂವರಿಗೂ ಗೊತ್ತಿತ್ತು.

ಈಗ ನಾನು ಮಾಡಿದ ಘನಂದಾರಿ ಕೆಲಸ ಹೇಳುತ್ತೇನೆ.

ಆ ಕೊನೆಯ ತಿಂಗಳು ಕಾಕಾ ತಮ್ಮ ಜಾಗಕ್ಕೆ ಬಂದವನಿಗೆ ಕೆಲಸ ಕಲಿಸುವುದರಲ್ಲಿದ್ದರು, ಶುಕ್ರವಾರವೂ ಫ್ಯಾಕ್ಟರಿಯಲ್ಲೇ. ನಾನು ಗಂಡನನ್ನು ಕಾಡಿ ಒಬ್ಬಳೇ ದಿಬ್ಬಕ್ಕೆ ಹೋಗುತ್ತಿದ್ದೆ. ಹೋದಾಗಲೆಲ್ಲ ಅಂಚು ಮರಳಿಗೆ ಕಚ್ಚಿ ನನ್ನನ್ನು ಮುಖ ಅಡಿಯಾಗಿ ಕೆಡವುತ್ತಿತ್ತು. ಬಾಯಿ ತುಂಬ ಮರಳು. ಮೂರನೇ ಶುಕ್ರವಾರ ಸಿಟ್ಟು ನೆತ್ತಿಗೇರಿತು. ಸೀದಾ ವಾದಿ ಕಬೀರ್‌ನ ಒಂದು ಗ್ಯಾರೇಜಿಗೆ ಕಾರು ತಿರುಗಿಸಿ ಎಂದೆ. ಅಲ್ಲಿನ ವೆಲ್ಡರ್ ಮಲಯಾಳಿ.

"ಚೇಚಿ, ಎಂದಾ ಪ್ರಶ್ನಂ?" ಅಕ್ಕಾ, ಏನು ತೊಂದರೆ ಎಂದ.

ಉಕ್ಕಿನ ಅಂಚು ತೋರಿಸಿ, ಇದರ ಚೂಪು ತೆಗೆದು ಉರುಟು ಮಾಡಿಕೊಡಿ ಎಂದೆ. ಅವನು ಗ್ರೈಂಡರ್ ಹಿಡಿದ. ಕಿಡಿ ಹಾರಿತು. ಎರಡೂ ಕಡೆ ಹತ್ತು ನಿಮಿಷದ ಕೆಲಸ. "ನಿನ್ನ ಕಾಕಾನನ್ನು ಒಂದು ಮಾತು ಕೇಳಬಹುದಿತ್ತು," ಎಂದರು ಗಂಡ. "ಕಬ್ಬಿಣದ ಪಟ್ಟಿ ರೀ, ಹಲಗೆ ಬಿರುಕು ಬಿಡಬಾರದು ಅಂತ ಹಾಕಿದ್ದು," ಎಂದೆ ನಾನು, ಎಲ್ಲ ಗೊತ್ತಿದ್ದವಳ ಹಾಗೆ. ಆಮೇಲೆ ದಿಬ್ಬಕ್ಕೆ ವಾಪಸು ಹೋದರೆ ಮರಳಿನಲ್ಲಿ ಹಲಗೆ ಬೆಣ್ಣೆಯ ಹಾಗೆ ಜಾರಿತು. ಒಮ್ಮೆಯೂ ಬೀಳಲಿಲ್ಲ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ ಮನೆಗೆ ಬಂದೆ, ಹಲಗೆಯನ್ನು ಹಳೆ ಬೆಡ್‌ಶೀಟಿನಲ್ಲಿ ಸುತ್ತಿಟ್ಟೆ.

ವಿಡಿಯೋ ನೋಡಿದ್ದೆ, ಎರಡು ವರ್ಷ ಅವರ ಮಾತು ಕೇಳಿದ್ದೆ, ಆದರೂ ಹಾಗೆ ಮಾಡಿದೆ. ಹಿಮ ಮುಟ್ಟದೆ ಮರಳಲ್ಲೇ ಕಲಿತವಳಿಗೆ ಅಂಚು ಎಂದರೆ ತೊಂದರೆ ಕೊಡುವ ಭಾಗ, ಅಷ್ಟೇ ತಲೆಗೆ ಹೋಗಿದ್ದು.

ದುಬೈಗೆ ನಿಗದಿಯಾದ ಶುಕ್ರವಾರ ಬೆಳಕು ಹರಿಯುತ್ತಲೇ ಹೊರಟೆವು. ಕಾಕಾ ಮುಂದಿನ ಸೀಟಿನಲ್ಲಿ, ಬೂಟು ತೊಡೆಯ ಮೇಲೆ. ಬರ್ಕಾ ದಾಟುವವರೆಗೆ ಎಸಿ ಏರಿಸಿದರು, ಇಳಿಸಿದರು, ಕನ್ನಡಿ ತಿರುಗಿಸಿದರು. ಗಂಡ ಕನ್ನಡಿಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. ಸೊಹಾರ್ ಹತ್ತಿರ ಬಂದಾಗ ಹಿಂದೆ ತಿರುಗಿ ನನಗೆ ವಿವರಿಸತೊಡಗಿದರು.

"ಬೂಟು, ಪಟ್ಟಿ, ಬೆಣಿ, ಇದೆಲ್ಲಾ ಯಾತಕ್ಕ ಹೇಳು? ಅಂಚಿನ ತನಕಾ ಮೈಯಾಗಿನ ಭಾರ ಮುಟ್ಟಸಾಕ. ಕಡೀಕ ಹಿಮಾ ಹಿಡಿಯೂದು ಅಂಚು ಒಂದ. ಹೋದ ತಿಂಗಳ ನಾನ ಕೂತು ಮಸದೇನಿ. ಉಗುರಿಗೆ ಹಚ್ಚಿದ್ರ ಪುಡಿ ಏಳಬೇಕು, ಹಂಗ."

ಕನ್ನಡಿಯಲ್ಲಿ ಗಂಡನ ಕಣ್ಣು ನನ್ನನ್ನೇ ನೋಡುತ್ತಿತ್ತು.

"ಪಣ್, ಇತ್ತೆನೇ ಪಣ್," ಎಂದರು ತುಳುವಿನಲ್ಲಿ. ಹೇಳು, ಈಗಲೇ ಹೇಳು.

"ಏನಂತಾರ ರಾಯರು?"

"ನೀರು ಬೇಕಾ ಅಂತ ಕೇಳ್ತಾರೆ ಕಾಕಾ."

ಹೇಳಲಿಲ್ಲ. ಹತ್ತಾ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬೀಳುವವರೆಗೆ ಸಾಲಿನಲ್ಲಿ ನಿಂತಾಗ ಹೇಳಬಹುದಿತ್ತು. ಪೆಟ್ರೋಲ್ ಹಾಕಿಸುವಾಗ ಹೇಳಬಹುದಿತ್ತು. ಬಹುಶಃ ಅಷ್ಟೇನೂ ಹಾಳಾಗಿರಲಿಕ್ಕಿಲ್ಲ, ಹಿಮ ಮೆತ್ತಗಿರುತ್ತದೆ, ನಡೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರತಿ ಕಿಲೋಮೀಟರಿಗೂ ಹೇಳುವುದು ಕಷ್ಟವಾಗುತ್ತಾ ಹೋಯಿತು.

ಹಿಮದ ಕೋಣೆಗೆ ಎರಡು ಗಂಟೆಯ ಪಾಸು. ಅವರೇ ಕೊಡುವ ನೀಲಿ ಜಾಕೆಟಿನಲ್ಲಿ ಕಾಕಾ ಸಣ್ಣವರಾಗಿ ಕಂಡರು. ದೊಡ್ಡ ಇಳಿಜಾರಿಗೆ ಬಿಡುವ ಮೊದಲು ಒಬ್ಬ ತರಬೇತುದಾರ ಸಣ್ಣ ದಿಬ್ಬದಲ್ಲಿ ಪರೀಕ್ಷೆ ಮಾಡಿದ. ಎಲ್ಲಿ ಕಲಿತಿರಿ ಎಂದು ಕೇಳಿದ. "ಸ್ಯಾಂಡ್," ಎಂದರು ಕಾಕಾ. ಅವನು ನಕ್ಕ. ಕಾಕಾ ಇಳಿದರು, ಎರಡು ಕಡೆ ತಿರುಗಿದರು, ನಿಂತರು. ಪಾಸ್ ಎಂದು ಅವನು ಹೆಬ್ಬೆರಳೆತ್ತಿದ. ಗಂಡ ಚಪ್ಪಾಳೆ ತಟ್ಟಿದರು. ಕಾಕಾ ಮಾತ್ರ ಹಿಂದೆ ತಿರುಗಿ ನೋಡುತ್ತಿದ್ದರು. ಅವರು ಬಂದ ದಾರಿಯಲ್ಲಿ ಹಿಮ ಚಾಪೆಯಗಲಕ್ಕೆ ಕೆರೆದುಹೋಗಿತ್ತು.

"ಹಿಡೀವಲ್ದು," ಅಂದರು.

ಅಲ್ಲೇ ಕೂತು, ಪಟ್ಟಿ ಬಿಚ್ಚಿ, ಹಲಗೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಕೈಗವಸು ಹಲ್ಲಿನಿಂದ ಎಳೆದು, ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಎಳೆದರು. ಉಗುರು ನುಣ್ಣಗೆ ಜಾರಿತು. ಇನ್ನೊಂದು ಕಡೆ ಎಳೆದರು. ನನ್ನನ್ನು ನೋಡಲಿಲ್ಲ, ಅಂಚನ್ನೇ ನೋಡುತ್ತಿದ್ದರು.

"ನಾನು ಕಾಕಾ. ನಾನು ಮಾಡಿಸಿದ್ದು. ವಾದಿ ಕಬೀರಲ್ಲಿ, ಗ್ರೈಂಡರಿನಲ್ಲಿ. ಮರಳಿಗೆ ಕಚ್ಚುತ್ತದೆ ಅಂತ. ಬೆಳಿಗ್ಗೆ ನೀವು ಹೇಳುವಾಗಲೇ ಗೊತ್ತಾಯ್ತು. ಹೇಳ್ಲಿಕ್ಕೆ ಧೈರ್ಯ ಆಗಲಿಲ್ಲ."

ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಗೋಡೆಯ ಗಡಿಯಾರ ನೋಡಿದರು.

"ಸೊಹಾರದಾಗ ಹೇಳಿದ್ರ ಅಲ್ಲೇ ಒಂದ ಉಕ್ಕು ಮಸಿಯೂ ಫೈಲ್ ಕೊಳ್ತಿದ್ದೆ," ಎಂದರು. ಅಷ್ಟೇ. ಹಲಗೆ ಬಗಲಲ್ಲಿಟ್ಟು ಓಡಿದರು. ಅರವತ್ತರ ಮನುಷ್ಯ, ಆ ಬೂಟಿನಲ್ಲಿ ಓಡಿದರು.

ಬಾಡಿಗೆ ಹಲಗೆ ಕೊಡುವ ಕೌಂಟರಿನ ಹಿಂದೆ ರಿಪೇರಿ ಕೋಣೆ. ಅಲ್ಲಿ ಒಬ್ಬ ನೇಪಾಳಿ.

"ಭಾಯೀ, ಏಕ್ ಫೈಲ್ ದೇ ದೋ."

"ಕಸ್ಟಮರ್ ಕೋ ಅಲೌ ನಹೀಂ ಹೈ ಸರ್. ಮೆಷಿನ್ ಮೇ ಕರ್ ದೂಂಗಾ, ಶಾಮ್ ಕೋ ಆಓ." ಗಿರಾಕಿಗೆ ಕೊಡುವ ಹಾಗಿಲ್ಲ, ಮೆಷಿನ್ನಿನಲ್ಲಿ ಮಾಡಿಕೊಡುತ್ತೇನೆ, ಸಂಜೆ ಬನ್ನಿ ಎಂದ.

"ಶಾಮ್ ಮೇರೇ ಪಾಸ್ ನಹೀಂ ಹೈ."

ಕಾಕಾ ಎರಡೂ ಅಂಗೈಯನ್ನು ಕೌಂಟರಿನ ಮೇಲೆ ಬಿಚ್ಚಿಟ್ಟರು. ಉಕ್ಕಿನ ಪುಡಿ ಹೊಕ್ಕು ಕಪ್ಪಾದ ಗೆರೆಗಳು, ಸುಟ್ಟ ಕಲೆಗಳು, ಒಂದು ಬೆರಳಿನ ತುದಿ ಇಲ್ಲ. ಆ ನೇಪಾಳಿ ಅಂಗೈ ನೋಡಿದ, ಮುಖ ನೋಡಿದ, ಒಳಗೆ ಹೋಗಿ ಫೈಲ್ ತಂದ. ಕೂರಲು ಒಂದು ಸ್ಟೂಲನ್ನೂ ಕೊಟ್ಟ. ಕಾಕಾ ಕೂರಲಿಲ್ಲ, ಹಲಗೆಯನ್ನು ಸ್ಟೂಲಿನ ಮೇಲಿಟ್ಟರು.

"ಎರಡೂ ಅಂಚು ಆಗೂದಿಲ್ಲ," ಎಂದರು. "ಒಂದ ಮಾಡ್ತೀನಿ. ಬೆರಳಿನ ಬಾಜೂದ್ದು. ಬೂಟಿನ ಮೂತಿ ಆ ಕಡೆ ಕತ್ತರಸೇನಿ, ಹೆಚ್ಚು ಒರಗಾಕ ಬರ್ತೈತಿ. ತಂಗೀ, ಹಲಗೀ ಬಾಲ ಹಿಡಿ. ಅಲ್ಲಾಡಸಬ್ಯಾಡ."

ಹಿಡಿದೆ. ಫೈಲು ಒಂದೇ ದಿಕ್ಕಿಗೆ, ಒಂದೇ ಒತ್ತಡದಲ್ಲಿ ಹೋಗುತ್ತಿತ್ತು. ನಾನು ಗಡಿಯಾರ ನೋಡಿದೆ, ಅವರು ನೋಡಲಿಲ್ಲ. ಹೊರಗೆ ನಮ್ಮ ಎರಡು ಗಂಟೆ ಸೋರಿಹೋಗುತ್ತಿತ್ತು. ಸ್ಟೇಪ್ಲರ್ ಬಿಚ್ಚುವ ಆ ಕೈ, ಕುರ್ಚಿಯಲ್ಲಿ ಒಂದು ನಿಮಿಷ ನಿಲ್ಲದ ಆ ಮೈ, ಐವತ್ತು ನಿಮಿಷ ಒಂದೇ ಕಡೆ ಬಗ್ಗಿ ನಿಂತಿತ್ತು. ಬಾಲದ ಕಡೆ ಒಂದು ಮೊಳ ಬಾಕಿ ಇರುವಾಗ ಗಂಡ ಬಂದು ಇಪ್ಪತ್ತೇ ನಿಮಿಷ ಉಂಟು ಎಂದರು.

"ಸಾಕು," ಎಂದು ಕಾಕಾ ಫೈಲ್ ಒರೆಸಿ ವಾಪಸು ಕೊಟ್ಟರು. "ಶುಕ್ರಿಯಾ ಭಾಯೀ." ಉಗುರಿಗೆ ಹಚ್ಚಿ ನೋಡಿದರು. ಸಣ್ಣಗೆ ಬಿಳಿ ಪುಡಿ ಎದ್ದಿತು.

ತೂಗುಕುರ್ಚಿಯಂಥ ಲಿಫ್ಟಿನಲ್ಲಿ ಅವರು ಮೇಲೆ ಹೋದರು. ನನಗೆ ದೊಡ್ಡ ಇಳಿಜಾರಿನ ಪಾಸಿರಲಿಲ್ಲ, ಕೆಳಗೆ ಬೇಲಿಗೆ ಅಂಟಿ ನಿಂತೆ. ಮೇಲಿಂದ ನೀಲಿ ಜಾಕೆಟುಗಳು ಬರುತ್ತಲೇ ಇದ್ದವು, ಯಾವುದು ಯಾರೆಂದು ತಿಳಿಯದು. ಆಮೇಲೆ ಒಂದು ಬಂತು, ನೆಟ್ಟಗೆ, ವೇಗವಾಗಿ. ಅದು ಕೆರೆಯುತ್ತಿರಲಿಲ್ಲ. ಇಳಿಜಾರಿನ ಅರ್ಧಕ್ಕೆ ಬಂದಾಗ ಆ ಮೈ ನಿಧಾನಕ್ಕೆ ಒರಗಿತು, ಇನ್ನೂ ಒರಗಿತು, ಮೊಣಕಾಲು ಹಿಮಕ್ಕೆ ಒಂದು ಗೇಣಿನಷ್ಟು ಹತ್ತಿರ. ಹಲಗೆ ಅಂಚಿನ ಮೇಲೆ ಎದ್ದು ನಿಂತಿತು. ಶಬ್ದವೇ ಇಲ್ಲ. ಹಿಂದೆ ಒಂದು ಗೆರೆ ಬಿಚ್ಚಿಕೊಳ್ಳುತ್ತಾ ಬಂತು, ಹೊಲಿಗೆಯ ದಾರದಷ್ಟು, ದೊಡ್ಡ ಕಮಾನಾಗಿ.

ನಾನು ಏನೋ ಕೂಗಿದೆ. ಏನೆಂದು ನೆನಪಿಲ್ಲ.

ಕಮಾನಿನ ನಡುವಿಗೆ ಬಂದಾಗ ಬಾಲ ಜಾರಿತು. ಗೆರೆ ಅಂಗೈಯಗಲವಾಯಿತು, ಚಾಪೆಯಗಲವಾಯಿತು, ಕಾಕಾ ಹೊಟ್ಟೆಯಡಿಯಾಗಿ ಬಿದ್ದು ಬೇಲಿಯ ತನಕ ಜಾರಿ ಬಂದರು. ಮುಖ ತುಂಬ ಹಿಮ. ಎದ್ದು ಕೂತು ಹಿಂದೆ ತಿರುಗುವಷ್ಟರಲ್ಲಿ ಸ್ಕೀ ಕಟ್ಟಿಕೊಂಡ ಆರೇಳು ಜನ ಒಟ್ಟಿಗೆ ಇಳಿದು ಆ ಜಾಗವನ್ನೆಲ್ಲ ಕೆರೆದುಬಿಟ್ಟರು. ಅಲ್ಲಿ ಏನೂ ಉಳಿಯಲಿಲ್ಲ.

ಕಾಕಾ ಆ ಬಿಳಿ ಜಾಗವನ್ನು ಹುಡುಕಿ ಹುಡುಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೋಡಿದೇನು?"

"ನೋಡಿದೆ ಕಾಕಾ."

"ಗೆರಿ ಬಿತ್ತೇನು?"

ನನ್ನ ಬಾಯಲ್ಲಿ 'ಪೂರ್ತಿ ಬಿತ್ತು' ಎಂಬ ಮಾತು ಬಂದು ನಿಂತಿತ್ತು. ಅದನ್ನು ಹೇಳಿದ್ದರೆ ಯಾರಿಗೇನು ನಷ್ಟ? ಹಾಳು ಮಾಡಿದವಳು ನಾನು, ಮಂಗಳವಾರ ಅವರು ಹೋಗುತ್ತಾರೆ, ಗೆರೆ ಅಳಿಸಿಹೋಗಿದೆ. ಆದರೆ ಬೆಳಿಗ್ಗೆಯಿಂದ ಒಂದು ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾಲ್ಕು ನೂರು ಕಿಲೋಮೀಟರ್ ಬಂದಿದ್ದೆ. ಇನ್ನೊಂದಕ್ಕೆ ಜಾಗವಿರಲಿಲ್ಲ.

"ಅರ್ಧ ಬಿತ್ತು ಕಾಕಾ. ದಾರದ ಹಾಗೆ ಇತ್ತು. ನಡುವಿನಿಂದ ಬಾಲ ಜಾರಿತು, ಅಗಲ ಆಯ್ತು. ನಾನು ಹಾಳು ಮಾಡಿದ್ದಕ್ಕೆ."

ಕಾಕಾ ಹಿಮದಲ್ಲೇ ಕೂತು ನಗತೊಡಗಿದರು. ಮೀಸೆಯಿಂದ ಹಿಮ ಉದುರುತ್ತಿತ್ತು.

"ಅರ್ಧಾ! ಎಲ್ಲಿಂದ ಎಲ್ಲೀತನಕಾ? ತೋರ್ಸು."

ಬೇಲಿಯ ಈಚೆಯಿಂದ ಬೆರಳು ತೋರಿಸಿದೆ. ಅಲ್ಲಿಂದ, ಆ ದೀಪದ ಕೆಳಗಿನ ತನಕ. ಅವರು ಕಣ್ಣಿನಿಂದಲೇ ಅಳೆದರು.

"ಹದಿನೈದ ಹೆಜ್ಜಿ ಇರಬೇಕು. ಮೆತ್ತನ ಬೂಟಿನ್ಯಾಗ. ಪೂರಾ ಅಂದಿದ್ರ ನಾ ನಂಬ್ತಿದ್ದಿಲ್ಲ ನೋಡು. ಬಾಲ ನಾ ಮಸದಿಲ್ಲಲ್ಲ, ಪೂರಾ ಹೆಂಗ ಬಿದ್ದೀತು?"

ಮತ್ತೆ ಮೇಲೆ ಹೋಗಲು ಎದ್ದರು. ಗೇಟಿನಲ್ಲಿ ಕಾರ್ಡು ಒತ್ತಿದರೆ ಕೆಂಪು ದೀಪ ಹತ್ತಿತು. ಇನ್ನೊಮ್ಮೆ ಒತ್ತಿದರು. ಖಲಾಸ್.

ವಾಪಸು ಬರುವಾಗ ಗಡಿ ತನಕ ಪೆಟ್ರೋಲ್ ರಸೀದಿಯ ಹಿಂದೆ ಏನೋ ಗೀಚುತ್ತಿದ್ದರು, ಹಿಂದಿನ ಕಾಲು ಇನ್ನೆರಡು ಡಿಗ್ರಿ ತಿರುಗಿಸಬೇಕಂತೆ. ಗಡಿ ದಾಟಿದ ಮೇಲೆ ಪೆನ್ನು ಜೇಬಿಗೆ ಹಾಕಿ ಕಿಟಕಿಯಾಚೆ ನೋಡುತ್ತಾ ಕೂತರು. ಎಸಿ ಮುಟ್ಟಲಿಲ್ಲ. ನನ್ನ ಗಂಡ ತಾವಾಗಿಯೇ ಕನ್ನಡಿಯನ್ನು ಅವರ ಕಡೆ ತಿರುಗಿಸಿ, "ಸರಿ ಉಂಟಾ ನೋಡಿ ಕಾಕಾ," ಎಂದರು. ಕಾಕಾ ನಕ್ಕು, ಒಂದು ಕೂದಲೆಳೆಯಷ್ಟು ಸರಿಸಿದರು.

ಮಂಗಳವಾರ ಹೋದರು. ವಿಮಾನ ನಿಲ್ದಾಣದಲ್ಲಿ ಅವರು ನನಗೆ ಕೊಟ್ಟ ಉಪದೇಶ ಒಂದೇ: "ಅಂಚು ಮುಟ್ಟಬ್ಯಾಡವಾ."

ಆಮೇಲೆ ವರ್ಷಕ್ಕೆ ಎರಡು ಮೂರು ಫೋನು. ಗದಗಿನಲ್ಲಿ ಟ್ರ್ಯಾಕ್ಟರ್ ರಿಪೇರಿ, ಪಂಪ್‌ಸೆಟ್ ರಿಪೇರಿ, ಮನೆಯ ಕದಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದ್ದು, ಇಂಥ ಸುದ್ದಿ. ನಾನು ಆ ಕೆಲಸ ಬಿಟ್ಟೆ, ಇನ್ನೊಂದು ಹಿಡಿದೆ, ಅದನ್ನೂ ಬಿಟ್ಟೆ. ಡ್ರೈವಿಂಗ್ ಟೆಸ್ಟು ಮಾತ್ರ ಆರನೇ ಸಲಕ್ಕೆ ಪಾಸಾಯಿತು. ಈ ಅಂಕಣದಲ್ಲಿ ನಾನು ಬರೆಯುವುದನ್ನು ಓದಿ, ಇಷ್ಟು ನೇರ ಹೇಳಬೇಕಾ ಎಂದು ಕೆಲವರು ಬಯ್ಯುತ್ತೀರಲ್ಲ, ಆ ಬೈಗುಳದಲ್ಲಿ ಅರ್ಧ ಪಾಲು ಕಾಕಾಗೆ ಸೇರಬೇಕು.

ಕಳೆದ ತಿಂಗಳು ಗದಗಿನಿಂದ ಗುರುತಿಲ್ಲದ ನಂಬರಿನ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ.

"ಮಸ್ಕತ್ತಿನ್ಯಾಗ ಪರ್ಚೇಸಿನ್ಯಾಗಿದ್ದ ಹುಡುಗಿ ನೀನೇನವಾ?"

ಅವರ ಹೆಂಡತಿ. ನಾನೆಂದೂ ನೋಡದ ಕಾಕು. ಕಾಕಾ ಹೋಗಿ ಹನ್ನೊಂದು ದಿನವಾಗಿತ್ತು. ಕಿಡ್ನಿ ಕೈಕೊಟ್ಟಿತ್ತಂತೆ, ಮೂರು ವಾರ ಹಾಸಿಗೆ. ಅವರೇ ಮುಂದುವರಿಸಿದರು.

"ಒಂದ ಮಾತು ಕೇಳೂದಿತ್ತವಾ. ಇವರು ಮಲಗಿದಾಗ ಬಂದವರಿಗೆಲ್ಲಾ ಅದೇ ಹೇಳವರು. ಹಿಮದ ಮ್ಯಾಲೆ ಗೆರಿ ಎಳದೇನಿ ಅಂತ. ಡಾಕ್ಟರಿಗೂ ಹೇಳಿದ್ರು. ಜ್ವರದ ತಲಿ, ಏನೋ ಬಡಬಡಸ್ತಾರ ಅಂತಂದ ನಮ್ಮ ಮಂದಿ. ನೋಡಿದಾಕಿ ಒಬ್ಬಾಕಿ ಅದಾಳ, ಆಕೀನ್ನ ಕೇಳ್ರಿ ಅಂತ ನಿನ್ನ ನಂಬರ್ ಬರಸ್ಯಾರ. ಅದು ಖರೇನವಾ? ಎಳದಿದ್ರೇನು?"

"ಎಳೆದಿದ್ರು ಕಾಕು. ನಾನು ನೋಡಿದ್ದೇನೆ."

"ಪೂರಾ?"

ಹನ್ನೊಂದು ದಿನದ ಹಿಂದೆ ಗಂಡನನ್ನು ಕಳೆದುಕೊಂಡ ಹೆಂಗಸು ಕೇಳುತ್ತಿದ್ದಾರೆ.

"ಇಲ್ಲ ಕಾಕು. ಅರ್ಧ."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿತು.

"ಅವರೂ ಅರ್ಧಾ ಅಂತನ ಅಂತಿದ್ರು," ಎಂದರು ಕಾಕು. "ಹಂಗಾದ್ರ ಖರೇನ ಐತಿ."